ಒಂದೇ ಅಕ್ಷರ

"ಒಲೆ ಉರೀತಾ ಇದೆ, ತಂದು ಹಾಕ್ಬಿಡಿ ಡಾಕ್ಟ್ರೇ," ಎಂದರು ಮನೆಯೊಡತಿ ಕಮಲಮ್ಮ, ಬಚ್ಚಲಿನ ಬಾಗಿಲಲ್ಲಿ ನಿಂತು. "ಇನ್‌ಸ್ಪೆಕ್ಟ್ರು ಬೀದಿ ತಿರುವಲ್ಲಿ ನಿಮ್ಮ ಮನೆ ಕೇಳ್ತಿದಾರೆ."

ಲಿಯಾಂಗ್ ಕಾಗದದ ಕಟ್ಟನ್ನು ಎದೆಗೊತ್ತಿಕೊಂಡು ನಿಂತೇ ಇದ್ದರು. ಚಾಮರಾಜಪೇಟೆಯ ಆ ವಠಾರಕ್ಕೆ ಅವರು ಬಂದು ಆರು ವರ್ಷ. ಮುಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡಿಕೊಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ದಿನಾ ಬೆಳಗ್ಗೆ ಮಸಿ ತೇಯ್ದು, ತಂದೆ ಕಲಿಸಿದ ಹಾಗೆ ಕುಂಚ ಹಿಡಿದು ಬರೆಯುತ್ತಿದ್ದರು. ಊರಿನ ನಾಲ್ಕಾರು ಚೀನೀ ಮನೆಯವರು ಹೊಸವರ್ಷಕ್ಕೆ ಬಾಗಿಲಿಗೆ ಅಂಟಿಸುವ ಕೆಂಪು ಕಾಗದ ಬರೆಸಲು ಅವರಲ್ಲಿಗೇ ಬರುತ್ತಿದ್ದರು. ಆದರೆ ಇದು ಎಪ್ಪತ್ತೊಂದರ ಡಿಸೆಂಬರ್. ಯುದ್ಧ ಶುರುವಾಗಿ ವಾರವಾಗಿತ್ತು. ಚೀನಾ ಪಾಕಿಸ್ತಾನದ ಕಡೆಯೆಂದು ಪೇಪರಿನಲ್ಲಿ ಓದಿದ ಮೇಲೆ ಹಲ್ಲು ಕಟ್ಟಿಸಲು ಒಬ್ಬರೂ ಬಂದಿರಲಿಲ್ಲ.

"ಅರವತ್ತೆರಡರ ಚೀನಾ ಯುದ್ಧದಲ್ಲಿ ಸುಟ್ಟೆ ಅಮ್ಮ," ಎಂದರು. "ಅಸ್ಸಾಮಲ್ಲಿ. ಅಪ್ಪ ಬರೆದಿದ್ದೂ ಸುಟ್ಟೆ. ಪೊಲೀಸ್ನೋರು ಬೂದಿ ನೋಡಿ, ಏನು ಸುಟ್ಟೆ ಅಂದ್ರು. ತೋರ್ಸೋಕೆ ಏನೂ ಇರ್ಲಿಲ್ಲ."

ಆ ಬೂದಿಗಾಗಿ ಎರಡು ವರ್ಷ, ಚೀನೀಯರನ್ನು ಕೂಡಿಹಾಕಿದ್ದ ರಾಜಸ್ಥಾನದ ಶಿಬಿರದಲ್ಲಿ ಕಳೆದಿದ್ದರು. ಈಗ ಕಟ್ಟು ಬಿಚ್ಚಿ ಹಾಳೆಗಳನ್ನು ನೆಲದ ಮೇಲೆ ಹರಡಿದರು.

ಸಬ್ ಇನ್‌ಸ್ಪೆಕ್ಟರ್ ಮುನಿರಾಮಪ್ಪ ಒಳಗೆ ಬಂದವನೇ ಒಂದು ಹಾಳೆ ಎತ್ತಿಕೊಂಡ. "ಚೀನಾಕ್ಕೆ ಗುಟ್ಟು ಬರೀತೀರಿ ಅಂತ ಕಂಪ್ಲೇಂಟ್ ಬಂದಿದೆ. ಇದೇನ್ರೀ, ಒಂದೇ ಗುರ್ತು ನೂರು ಸಲ?"

"ಒಂದಕ್ಷರ ಸಾರ್. ಎಲ್ಲಾ ಥರದ ಗೀಟೂ ಇದ್ರಲ್ಲೇ ಇದೆ. ಅಭ್ಯಾಸ."

"ಈ ವಯಸ್ಸಲ್ಲಾ?"

"ಇನ್ನೂ ಸರಿಯಾಗಿ ಬಂದಿಲ್ಲ."

ಮುನಿರಾಮಪ್ಪ ನಗಲಿಲ್ಲ. "ಅಭ್ಯಾಸ ಆದ್ರೆ ನನ್ನೆದ್ರು ಬರೀರಿ. ತಾಳೆ ಆಗ್ದಿದ್ರೆ ಸ್ಟೇಷನ್‌ಗೆ ಬರ್ಬೇಕಾಗುತ್ತೆ."

ಲಿಯಾಂಗ್ ಕುಂಚ ಅದ್ದಿದರು. ಮೊದಲ ಚುಕ್ಕಿಯೇ ಹರಡಿಕೊಂಡಿತು. ಉದ್ದದ ಗೀಟು ಸೊಟ್ಟಗಾಯಿತು. ಮುನಿರಾಮಪ್ಪ ಎರಡು ಹಾಳೆಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದ.

"ಇದು ಅದಲ್ಲ."

"ಕೈ ನಡುಗ್ತಿದೆ ಸಾರ್."

"ತಪ್ಪು ಮಾಡಿಲ್ಲಾಂದ್ರೆ ಯಾಕೆ ನಡುಗ್ಬೇಕು?"

"ನೀವು ನಿಂತಿದೀರಿ," ಎಂದರು ಲಿಯಾಂಗ್.

ಕಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮುನಿರಾಮಪ್ಪ ಟೋಪಿ ತೆಗೆದು ಪಕ್ಕಕ್ಕಿಟ್ಟು, ಬೂಟುಗಾಲು ಹೊಸ್ತಿಲಾಚೆ ಚಾಚಿ ನೆಲದ ಮೇಲೆ ಕುಳಿತ.

ಎರಡನೆಯದೂ ಕೆಟ್ಟಿತು, ಮೂರನೆಯದೂ. ಐದನೆಯದರ ಹೊತ್ತಿಗೆ ಲಿಯಾಂಗ್‌ಗೆ ಎದುರಿಗೆ ಯಾರಿದ್ದಾರೆಂಬುದು ಮರೆತಂತಿತ್ತು. ಏಳನೆಯದಕ್ಕೆ ಹೊಸ ಹಾಳೆ ತೆಗೆದುಕೊಂಡು, ಉಸಿರು ಬಿಗಿಹಿಡಿದು ಒಂದೇ ಬೀಸಿಗೆ ಬರೆದರು. ಕುಂಚವನ್ನು ಕೆಳಗಿಟ್ಟು ಅದನ್ನೇ ನೋಡುತ್ತ ಕುಳಿತರು.

"ಏನಂತ ಅರ್ಥ?" ಮುನಿರಾಮಪ್ಪನ ದನಿ ತಗ್ಗಿತ್ತು.

"ಯಾವಾಗ್ಲೂ, ಅಂತ."

ಅವನು ಡೈರಿಯಲ್ಲಿ "ಅಕ್ಷರಾಭ್ಯಾಸ, ಆಕ್ಷೇಪಾರ್ಹವಲ್ಲ" ಎಂದು ಬರೆದುಕೊಂಡು ಎದ್ದ. ಫೈಲಿಗೆ ಬೇಕೆಂದು ಏಳನೆಯ ಹಾಳೆಗೇ ಕೈ ಹಾಕಿದ.

"ಅದೊಂದು ಬಿಟ್ಟು ಬೇರೆ ಯಾವ್ದಾದ್ರೂ ತಗೊಳ್ಳಿ ಸಾರ್."

"ಡಾಕ್ಟ್ರೇ, ಸುಮ್ನಿರಿ," ಕಮಲಮ್ಮ ಪಿಸುಗುಟ್ಟಿದರು.

"ನನ್ನೆದ್ರು ಬರ್ದಿದ್ದು ಇದೇ ತಾನೇ ಸರಿಯಾಗಿ ಬಂದಿರೋದು?" ಎಂದ ಮುನಿರಾಮಪ್ಪ.

ಅವನು ಹಾಳೆಯನ್ನು ಜೇಬಿಗಿಡಲು ಮಡಿಸಹೊರಟವನು ಮಸಿ ಇನ್ನೂ ಹಸಿಯಾಗಿರುವುದನ್ನು ಕಂಡು ಕೈ ತಡೆದ. ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಹಾಳೆಯ ಅಂಚು ಹಿಡಿದು, ಗಾಳಿಗೆ ಮಡಚಿಕೊಳ್ಳದ ಹಾಗೆ ನಿಧಾನವಾಗಿ ಬೀದಿಯುದ್ದಕ್ಕೂ ನಡೆದುಹೋದ.