ಮೂರು ಪೀಪಿಗಳಲ್ಲಿ ಒಂದು

ಫಕ್ಕೀರಪ್ಪ ನನ್ನನ್ನು ಹೊಗಳಿದ ದಿನವೇ ನನಗೆ ಅನುಮಾನ ಬರಬೇಕಿತ್ತು.

ಮದುವೆ ಬ್ಯಾಂಡಿನಲ್ಲಿ ನಾನು ಕ್ಲಾರಿಯೊನೆಟ್ ಊದುತ್ತಿದ್ದೆ, ಅವನು ನನ್ನ ಎಡಕ್ಕೆ ನಿಂತು ಸೈಡ್ ಡ್ರಮ್ ಬಾರಿಸುತ್ತಿದ್ದ. ಸವಣೂರು, ಶಿಗ್ಗಾಂವಿ, ಬಂಕಾಪುರ, ಎಲ್ಲಿ ಮೆರವಣಿಗೆ ಹೊರಟರೂ ನಾವಿಬ್ಬರು ಜೋಡಿ. ಅಷ್ಟು ವರ್ಷಗಳಲ್ಲಿ ಈ ಮನುಷ್ಯನ ಬಾಯಿಂದ ಒಂದು ಒಳ್ಳೆಯ ಮಾತು ಬಂದಿದ್ದರೆ ಕೇಳಿ. ತಾಳ ಒಂದಿಷ್ಟು ಜಾರಿದರೆ ಸಾಕು, "ಲೇ ಮಕ್ತುಮ್ಯಾ, ಠೇಕಾ ಬಿಟ್ಟೆಲ್ಲೋ!" ಎಂದು ಮದುಮಗನ ಕುದುರೆ ಬೆಚ್ಚುವಂತೆ ಒದರುತ್ತಿದ್ದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಕ್ಲಾರಿಯೊನೆಟ್ ಬಾಯಿಂದ ತೆಗೆದು ಅವನಿಗೆ ಬೈದು, ಮತ್ತೆ ಬಾಯಿಗಿಟ್ಟುಕೊಳ್ಳುತ್ತಿದ್ದೆ. ಜನ ಅದನ್ನೂ ಬ್ಯಾಂಡಿನ ಒಂದು ಭಾಗವೆಂದೇ ತಿಳಿದಿದ್ದರು.

ಡಿಜೆ ಬಂತು, ಬ್ಯಾಂಡ್ ಮುಚ್ಚಿತು. ಫಕ್ಕೀರಪ್ಪ ಹಂಸಭಾವಿಯಲ್ಲಿ ಮಗಳ ಮನೆ ಸೇರಿದ. ನನ್ನ ಮೇಲಿನ ಹಲ್ಲುಗಳು ಒಂದೊಂದಾಗಿ ಉದುರಿದವು. ಕ್ಲಾರಿಯೊನೆಟ್ಟನ್ನು ಕಚ್ಚಿ ಹಿಡಿಯಲು ಮೇಲಿನ ಹಲ್ಲು ಬೇಕೇ ಬೇಕು. ಕಟ್ಟಿಸಿಕೊಂಡ ಹಲ್ಲು ಊದಿದರೆ ಅಲುಗಾಡುತ್ತದೆ. ಹೆಂಡತಿ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಸವಣೂರಿನ ಕೋಣೆಯಲ್ಲಿ ನಾನು, ಒಂದು ಮಂಚ, ಒಂದು ಫೋನು. ದಿನವಿಡೀ ಯಾರೊಂದಿಗೂ ಜಗಳವಿಲ್ಲ. ಇದಕ್ಕಿಂತ ಕೆಟ್ಟ ಬಾಳು ಇರಲಾರದು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಆ ಫೋನಿನಲ್ಲೇ ಒಂದು ದಿನ ವಿಡಿಯೊ ನೋಡುತ್ತಿದ್ದಾಗ ಐರ್ಲೆಂಡ್ ದೇಶದವರು ಸಿಕ್ಕರು. ಒಂದು ಮೇಜಿನ ಸುತ್ತ ಹತ್ತಾರು ಜನ ಕುಳಿತು ಎಲ್ಲರೂ ಒಂದೇ ಚಾಲು, ಅಂದರೆ ಒಂದೇ ಧಾಟಿ, ನುಡಿಸುತ್ತಿದ್ದರು. ಮುಂದಾಳು ಇಲ್ಲ, ಬೀಗರಿಲ್ಲ, "ಆ ಸಿನಿಮಾ ಹಾಡು ಊದ್ರಿ" ಎಂದು ಅಂಗಿ ಜಗ್ಗುವವರಿಲ್ಲ. ಮೆರವಣಿಗೆ ಮುಗಿದು ಊಟಕ್ಕೆ ಕರೆಯುವ ತನಕ ಬ್ಯಾಂಡಿನವರು ಚಪ್ಪರದ ಹಿಂದೆ ಕುಳಿತು ನಮ್ಮ ಖುಷಿಗೆ ನಾವೇ ಬಾರಿಸುತ್ತಿದ್ದುದು ಹೀಗೆಯೇ. ತಾಳವೂ ನಮ್ಮ ದಾದ್ರಾದ ಹಾಗೆ ಆರರ ಓಟ. ಯಾ ಅಲ್ಲಾ, ಈ ಬಿಳಿಯರು ನಮ್ಮ ಚಪ್ಪರದ ಹಿಂದೆ ಯಾವಾಗ ಬಂದು ಕುಳಿತಿದ್ದರು ಅನ್ನಿಸಿಬಿಟ್ಟಿತು. ಅವರಲ್ಲೊಬ್ಬ ಗೇಣುದ್ದದ ತಗಡಿನ ಪೀಪಿ ಊದುತ್ತಿದ್ದ. ಅವರು ಅದಕ್ಕೆ ವಿಸಲ್ ಅನ್ನುತ್ತಾರಂತೆ. ನಮ್ಮಲ್ಲಿ ವಿಸಲ್ ಎಂದರೆ ಕುಕ್ಕರಿನದು, ಇಲ್ಲವೇ ಕಂಡಕ್ಟರನದು. ಆದರೆ ಅದನ್ನು ಊದಲು ಹಲ್ಲು ಬೇಡ, ತುಟಿ ಸಾಕು. ತರಿಸಿಕೊಂಡೆ, ಕಲಿತೆ, ಹಂಸಭಾವಿಗೆ ಹೋಗಿ ಫಕ್ಕೀರಪ್ಪನ ಮುಂದೆ ಊದಿದೆ.

"ಭಾಳ ಚಲೋ ಊದ್ತಿ ಮಕ್ತುಮಸಾಬ" ಎಂದ ಅವನು.

ಸಾಬ! ಮಕ್ತುಮ್ಯಾ ಹೋಗಿ ಮಕ್ತುಮಸಾಬ ಆಗಿದ್ದೆ. ಪೆದ್ದ ನಾನು, ಹಿಗ್ಗಿದೆ. ಆಮೇಲೆ ಹೋದಾಗಲೆಲ್ಲ ಊದಿದೆ, ಹೋದಾಗಲೆಲ್ಲ ಹೊಗಳಿದ. ಒಂದು ದಿನ ಚಾಲಿನ ನಡುವೆ ಕೆಮ್ಮು ಒತ್ತಿ ಬಂತು. ಪೀಪಿ ತುಟಿಗೇ ಇತ್ತು, ಬೆರಳುಗಳು ರಂಧ್ರಗಳ ಮೇಲೆ ಆಡುತ್ತಲೇ ಇದ್ದವು, ಉಸಿರು ಮಾತ್ರ ಕಟ್ಟಿ ಹಿಡಿದಿದ್ದೆ. ಒಂದು ಸ್ವರವೂ ಹೊರಡುತ್ತಿರಲಿಲ್ಲ. ಫಕ್ಕೀರಪ್ಪ ನನ್ನ ಬೆರಳನ್ನೇ ನೋಡುತ್ತ ತಲೆದೂಗಿ "ಆಹಾ" ಎಂದ.

ಅವನ ಮಗಳು ಪೂಜಾ ನನ್ನನ್ನು ಬಸ್ ನಿಲ್ದಾಣದ ತನಕ ಕಳಿಸಲು ಬಂದಾಗ ಬಾಯಿಬಿಟ್ಟಳು. "ಕಾಕಾ, ಅಪ್ಪಗ ಸಣ್ಣ ದನಿ ಕೇಳಂಗಿಲ್ರಿ. ಕುಕ್ಕರ್ ಸೀಟಿ ಕೇಳಂಗಿಲ್ಲ, ನಾ ಕರದ್ರ ಕೇಳಂಗಿಲ್ಲ. ದಪ್ಪ ದನಿ ಅಷ್ಟ ಕೇಳ್ತೈತಿ. ಕಿವಿಗೆ ಮಿಷನ್ ಹಚ್ಕೋ ಅಂದ್ರ ಒಲ್ಲೆ ಅಂತಾನ. ನಿಮಗ ಹೇಳಬ್ಯಾಡ ಅಂದಾನ."

ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತೆ. ಇಷ್ಟು ದಿನ ನಾನು ಊದಿದ್ದು ಯಾರಿಗೂ ಮುಟ್ಟಿರಲಿಲ್ಲ. ಈ ಭೂಮಿಯ ಮೇಲೆ ನನ್ನ ಊದುವಿಕೆಯನ್ನು ಬಲ್ಲವನು ಅವನೊಬ್ಬ. ಅವನ ಕಿವಿಯ ಬಾಗಿಲು ನನಗೆ ಮುಚ್ಚಿತ್ತು. ಶಿಗ್ಗಾಂವಿ ಬರುವ ತನಕ ಮಡಿಲಲ್ಲಿದ್ದ ಪೀಪಿಯ ರಂಧ್ರಗಳನ್ನು ಬೆರಳಿನಿಂದ ಮುಚ್ಚುತ್ತ ತೆರೆಯುತ್ತ ಇದ್ದೆ. ಪಕ್ಕದವನು "ಆರಾಮ ಅದೀರಿಲ್ರಿ?" ಎಂದು ಕೇಳಿದ್ದಕ್ಕೆ "ನಿಮಗ್ಯಾಕ ಬೇಕು?" ಎಂದೆ.

ಆದರೆ ಪೂಜಾಳ ಒಂದು ಮಾತು ಕಿವಿಯಲ್ಲಿ ಉಳಿದಿತ್ತು. ದಪ್ಪ ದನಿ ಕೇಳುತ್ತದೆ. ಐರ್ಲೆಂಡಿನವರ ಬಳಿ ದಪ್ಪ ದನಿಯ ಪೀಪಿಯೂ ಇದೆ. ತೋಳುದ್ದದ್ದು, ಲೋ ವಿಸಲ್ ಅನ್ನುತ್ತಾರೆ. ಅದನ್ನು ಹುಡುಕುತ್ತ ಹೊರಟವನಿಗೆ ಹಾನಗಲ್ಲಿನಲ್ಲೇ ಒಬ್ಬ ಸಿಕ್ಕ. ಲೋಹಿತನದು ಲೇಥ್ ಅಂಗಡಿ. ಪಂಪಿನ ಕೆಲಸ ಇಲ್ಲದಾಗ ಅಲ್ಯೂಮಿನಿಯಂ ಕೊಳವೆ ಕೊರೆದು ಇಂಥ ಪೀಪಿ ಮಾಡಿ ಎಲ್ಲೆಲ್ಲಿಗೋ ಕಳಿಸುತ್ತಾನೆ.

"ಬರ್ರಿ ಕಾಕಾ, ಕುಂತ್ರಿ" ಎಂದು ಮೂರು ಪೀಪಿ ತಂದು ಮುಂದಿಟ್ಟ. ಒಂದಕ್ಕಿಂತ ಒಂದು ಉದ್ದ, ಒಂದಕ್ಕಿಂತ ಒಂದು ದಪ್ಪ ದನಿ.

ಮೊದಲು ಗಿಡ್ಡದ್ದನ್ನು ಎತ್ತಿಕೊಂಡೆ. ಹಳೆಯ ಚಟ, ಎದೆ ತುಂಬ ಊದಿದೆ. ಕಿರ್ರೆಂದು ಮೇಲಿನ ಸಪ್ತಕಕ್ಕೆ ಹಾರಿತು.

"ಮೆತ್ತಗ ಊದ್ರಿ ಕಾಕಾ, ಇದೇನ್ ಮೆರವಣಿಗಿ ಅಲ್ಲ" ಎಂದು ಲೋಹಿತ ನಕ್ಕ.

ಮೆತ್ತಗೆ ಊದಿದೆ. ಏನೆಂದು ಹೇಳಲಿ! ಬೆರಳುಗಳು ತಾವಾಗಿಯೇ ತಮ್ಮ ಜಾಗ ಹುಡುಕಿಕೊಂಡವು. ಹಲ್ಲು ಹೋದ ಮೇಲೆ ಮೊದಲ ಬಾರಿ ನಾನು ಮತ್ತೆ ನಾನಾಗಿದ್ದೆ. ಅಂಗಡಿಯ ಮುಂದೆ ಪಂಪ್ ರಿಪೇರಿಗೆ ಬಂದವರು ಮಾತು ನಿಲ್ಲಿಸಿ ಕೇಳಿದರು. ನಡುವಿನದೂ ನನ್ನ ಕೈಗೆ ಬಗ್ಗಿತು. ಉದ್ದನೆಯದು ಮಾತ್ರ ನನ್ನನ್ನು ಕತ್ತೆ ಮಾಡಿಬಿಟ್ಟಿತು. ಅದರ ರಂಧ್ರಗಳು ದೊಡ್ಡವು, ಒಂದರಿಂದ ಒಂದು ದೂರ. ಬಲಗೈಯ ಉಂಗುರದ ಬೆರಳು ಟ್ರ್ಯಾಲಿಯ ಬಾಗಿಲಿಗೆ ಸಿಕ್ಕು ಸೊಟ್ಟಗಾದದ್ದು. ಎಷ್ಟು ಚಾಚಿದರೂ ಕೆಳಗಿನ ರಂಧ್ರ ಪೂರ್ತಿ ಮುಚ್ಚದು. ಗಾಳಿ ಸೋರಿ ಸ್ವರ ಹಳಸುತ್ತಿತ್ತು.

"ತುದಿಯಿಂದ ಮುಚ್ಚಬ್ಯಾಡ್ರಿ, ಬೆರಳು ಚಪ್ಪಟೆ ಇಟ್ಟು ನಡು ಗೆಣ್ಣಿಂದ ಮುಚ್ರಿ" ಎಂದು ಲೋಹಿತ ಹಿಡಿದು ತೋರಿಸಿದ. ಆಮೇಲೆ ನನ್ನ ಬೆರಳು ನೋಡಿ, "ಐರ್ಲೆಂಡಿನವ್ರ ಜೋಡಿ ಕುಂತು ಊದೋದಿದ್ರ ಈ ಉದ್ದಂದು ಬೇಕ್ರಿ. ನಿಮ್ಮಷ್ಟಕ್ಕ ನೀವು ಊದ್ಕೋಳ್ಳಾಕ ಗಿಡ್ಡದ ಚಲೋ. ನಿಮ್ಮ ಕೈಯಾಗ ಅದು ಮಾತಾಡ್ತೈತಿ" ಎಂದ.

ನನ್ನಷ್ಟಕ್ಕೆ ನಾನು! ಅದನ್ನು ಬಿಟ್ಟು ಬೇರೇನು ಮಾಡಿಕೊಂಡಿದ್ದೆ ಇಷ್ಟು ದಿನ?

"ಮೂರೂ ಒಯ್ತೇನಿ. ಎರಡು ವಾಪಸ್ ತರ್ತೇನಿ" ಎಂದೆ. ಅವನು ತಲೆಯಾಡಿಸಿ ಹಳೆಯ ಟವೆಲಿನಲ್ಲಿ ಸುತ್ತಿಕೊಟ್ಟ.

ತಿಳವಳ್ಳಿ ದಾಟಿ ಹಿರೇಕೆರೂರಿನಲ್ಲಿ ಬಸ್ ಬದಲಿಸಿ ಹಂಸಭಾವಿ ಮುಟ್ಟುವ ತನಕ ದೇವರಲ್ಲಿ ಒಂದೇ ಬೇಡಿಕೆ. ಗಿಡ್ಡದ್ದೇ ಅವನಿಗೆ ಕೇಳಲಿ. ಉದ್ದನೆಯದು ಬೇಡ. ನನಗೂ ಸ್ವಲ್ಪ ಚೆನ್ನಾಗಿ ಊದುವ ಆಸೆಯಿದೆ.

ಫಕ್ಕೀರಪ್ಪ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿದು ಮೊರಕ್ಕೆ ಹಾಕುತ್ತಿದ್ದ. ಕೇಳುತ್ತದೆಯೇ ಎಂದು ಕೇಳಿದರೆ ಕೇಳುತ್ತದೆ ಎಂದೇ ಅನ್ನುವ ಆಸಾಮಿ. ಅದಕ್ಕೇ ಸದ್ದಿಲ್ಲದೆ ಹೋಗಿ ಅವನ ಬೆನ್ನ ಹಿಂದೆ ಕುಳಿತೆ. ಬಾಗಿಲಲ್ಲಿ ನಿಂತ ಪೂಜಾಳಿಗೆ ಸುಮ್ಮನಿರುವಂತೆ ಸನ್ನೆ ಮಾಡಿದೆ.

ಗಿಡ್ಡದ್ದನ್ನು ಊದಿದೆ. ಎಂಥ ಚಂದ ಬಂತು ಎಂದರೆ ಪೂಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಫಕ್ಕೀರಪ್ಪ ತೊಟ್ಟು ಮುರಿಯುತ್ತಲೇ ಇದ್ದ.

ನಡುವಿನದನ್ನು ಊದಿದೆ. ಒಮ್ಮೆ ಕತ್ತು ತುರಿಸಿಕೊಂಡ, ಅಷ್ಟೇ. ಮತ್ತೊಂದು ಮೆಣಸಿನಕಾಯಿ ಎತ್ತಿಕೊಂಡ.

ಉದ್ದನೆಯದನ್ನು ಅಂಗಿಯ ತುದಿಯಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡೆ. ಇದೂ ಮುಟ್ಟದಿದ್ದರೆ ಇನ್ನು ಈ ಮನೆಗೆ ಪೀಪಿ ತರಬಾರದು, ಬರೀ ಚಹಾ ಕುಡಿದು ಹೋಗಬೇಕು. ಅದನ್ನು ನೆನೆದರೇ ಹೆದರಿಕೆಯಾಯಿತು. ಕೊನೆಗೆ ಬೆರಳುಗಳನ್ನು ಚಪ್ಪಟೆ ಮಾಡಿ, ಸೊಟ್ಟ ಬೆರಳನ್ನು ನೋಯುವಷ್ಟು ಚಾಚಿ ಊದಿದೆ. ಒಂದು ಸ್ವರ ಬಂತು, ಒಂದು ಸೋರಿತು. ಅದನ್ನು ಹಿಡಿಯಲು ಹೋಗಿ ತಾಳ ಕುಂಟಿತು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ.

"ಲೇ ಮಕ್ತುಮ್ಯಾ!"

ಕಣ್ಣು ತೆರೆದೆ. ಅವನು ತಿರುಗಿರಲೂ ಇಲ್ಲ. ಕೈ ಮಾತ್ರ ಮೊರದ ಮೇಲೆ ನಿಂತಿತ್ತು.

"ಠೇಕಾ ಬಿಟ್ಟೆಲ್ಲೋ! ಎಲ್ಲಾ ತಪ್ಪ ಊದಾಕತ್ತಿ. ನಾಚಿಕಿ ಬರಂಗಿಲ್ಲೇನ್ ನಿನಗ?"

ಬರುತ್ತದೆ ಮಾರಾಯ, ಬರುತ್ತದೆ. ಕಣ್ಣೀರೂ ಬಂತು. ಮೊದಲಿನಿಂದ ಹಿಡಿದೆ. ಮೊರದ ಅಂಚಿನ ಮೇಲೆ ಅವನ ಬೆರಳುಗಳು ಆರರ ಓಟ ಶುರು ಮಾಡಿದವು. ಅವನು ಮುಂದೆ, ನಾನು ಕುಂಟುತ್ತ ಹಿಂದೆ. ಚಾಲಿನ ಮೊದಲರ್ಧ ಹೀಗೇ ಸಾಗಿತು. ಎರಡನೆಯ ಅರ್ಧಕ್ಕೆ ಐರ್ಲೆಂಡಿನವರ ಚಾಲು ಮೇಲಿನ ಸಣ್ಣ ದನಿಗೆ ಏರುತ್ತದೆ. ನಾನೂ ಏರಿದೆ. ಮೊರದ ಮೇಲಿನ ಬೆರಳುಗಳು ತಡವರಿಸಿ ನಿಂತವು.

"ಯಾಕಲೇ, ನಿಲ್ಲಿಸಿದೆಲ್ಲ?" ಎಂದ.

ನಾನು ಊದುತ್ತಲೇ ಇದ್ದೆ. ಪೂಜಾ ನನ್ನನ್ನೇ ನೋಡುತ್ತಿದ್ದಳು. ಪೀಪಿ ತೆಗೆದು, "ದಮ್ ಹತ್ತಿತ್ತಲೇ, ಏನ್ ಗಡಿಬಿಡಿ ನಿಂದು!" ಎಂದು ದಪ್ಪ ದನಿ ಮಾಡಿ ಕೂಗಿದೆ. ಮತ್ತೆ ಕೆಳಗಿನ ಅರ್ಧಕ್ಕೇ ಇಳಿದೆ.

ಗಿಡ್ಡದ್ದನ್ನೂ ನಡುವಿನದನ್ನೂ ಲೋಹಿತನಿಗೆ ವಾಪಸ್ ಕೊಟ್ಟೆ. "ಉದ್ದಂದು ನಿಮ್ಮ ಬೆರಳಿಗೆ ಆಗಂಗಿಲ್ರಿ ಕಾಕಾ, ಗಿಡ್ಡದ ಚಲೋ ಅಂದಿದ್ನೆಲ್ರಿ" ಎಂದು ಅವನು ಮರುಗಿದ. ಹೌದು, ಆಗುವುದಿಲ್ಲ. ಫಕ್ಕೀರಪ್ಪನ ಮುಂದೆ ನಾನೀಗ ಎಲ್ಲ ಚಾಲುಗಳನ್ನೂ ಅರ್ಧವೇ, ಕೆಳಗಿನ ಅರ್ಧವೇ ಊದುತ್ತೇನೆ. ಉಳಿದರ್ಧವನ್ನು ಸವಣೂರಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೊದಲು ತರಿಸಿಕೊಂಡ ಆ ತಗಡಿನ ಸಣ್ಣ ಪೀಪಿಯಲ್ಲಿ ಒಬ್ಬನೇ ಊದಿ ಮುಗಿಸುತ್ತೇನೆ. ಅಲ್ಲಿ ತಪ್ಪಿದರೆ ಬೈಯುವವರು ಯಾರೂ ಇಲ್ಲ.