ಅಧ್ಯಕ್ಷರು ಊರಲ್ಲಿಲ್ಲ

"ಬಿಗಿ ಎಳಿಯೋ. ಹಾದ್ಯಾಗ ಸಡ್ಲಾದ್ರ ಹೆಣಾ ಜಾರ್ತೈತಿ," ಎಂದ ದುರ್ಗೇಶ.

ಲೋಹಿತ ಮೊಣಕಾಲನ್ನು ಬಿದಿರಿಗೆ ಒತ್ತಿ ಹಗ್ಗ ಎಳೆದ. ಲಕಮನಹಳ್ಳಿಯ ಆ ಓಣಿಯಲ್ಲಿ ಚಟ್ಟ ಕಟ್ಟಲು ಬಂದವರು ಅವರಿಬ್ಬರೇ. ಉಳಿದ ಹುಡುಗರು ನೀರಿನ ಟಾಕಿಯ ನೆರಳಲ್ಲಿ ನಿಂತು ಮೊಬೈಲು ನೋಡುತ್ತಿದ್ದರು.

"ನಾವರ ಯಾಕ ಬಂದ್ವಿ ಅಂತ ಅವ್ರೆಲ್ಲ ನೋಡಾಕತ್ತಾರ," ದುರ್ಗೇಶ ದನಿ ತಗ್ಗಿಸಿದ. "ನೀ ಕರದಿ ಅಂತ ಬಂದೀನಿ. ಇಲ್ಲಂದ್ರ ಈ ಮುದುಕನ ಮಣ್ಣಿಗಿ ನಾ ಬರಾಂವ ಅಲ್ಲ."

"ಸತ್ತಾರಲೇ. ಸುಮ್ಮನಿರು."

ಬೆಳಿಗ್ಗೆ ಐದರ ಹೊತ್ತಿಗೆ ಗಂಗಪ್ಪ ಹಾಸಿಗೆಯಲ್ಲೇ ತೀರಿಕೊಂಡಿದ್ದ. ಎಪ್ಪತ್ತೊಂದು ವರ್ಷ. ಪಾಲಿಕೆಯಲ್ಲಿ ಬೀದಿ ಗುಡಿಸುವ ಕೆಲಸಕ್ಕೆ ಸೇರಿ, ಕೊನೆಯ ಹತ್ತು ವರ್ಷ ವಲಯ ಕಚೇರಿಯೊಳಗೆ ಜವಾನನಾಗಿದ್ದು ನಿವೃತ್ತನಾದವನು. ಮೂರು ಗಂಟೆಗೆ ಮಣ್ಣು ಎಂದು ನಿಶ್ಚಯವಾಗಿತ್ತು. ಹಲಗೆ ಬಾರಿಸುವುದು ಬೇಡ, ಸುಮ್ಮನೆ ಒಯ್ಯೋಣ ಎಂದು ಮಗ ಶಶಿಕುಮಾರ ಹೇಳಿದ್ದ. ಒಳಗೆ ಬುದ್ಧನ ಪಟದ ಕೆಳಗೆ ಎರಡು ಮೇಣದ ಬತ್ತಿ ಉರಿಯುತ್ತಿದ್ದವು.

ಒಂದೂವರೆಗೆ ಓಣಿಯ ತುದಿಯಲ್ಲಿ ಆಟೋ ನಿಂತಿತು. ಬೂದು ಬಣ್ಣದ ಬುರ್ಖಾ ತೊಟ್ಟು, ತಲೆಯ ಮೇಲೆ ದುಪಟ್ಟಾ ಹೊದ್ದಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಇಳಿದರು. ಕೊರಳಲ್ಲಿ ಪಾಲಿಕೆಯ ಗುರುತಿನ ಚೀಟಿ. ಕಂಕುಳಲ್ಲಿ ಒಂದು ಕಡತ.

ಟಾಕಿಯ ಕೆಳಗಿನ ಮೊಬೈಲುಗಳು ಕಿಸೆ ಸೇರಿದವು.

"ನೋಡಿದಿ?" ದುರ್ಗೇಶ ಹಗ್ಗ ಬಿಟ್ಟು ಎದ್ದ. "ಸತ್ತ ದಿನಾನೂ ಆಫೀಸಿನವ್ರು ಫೈಲ್ ಹಿಡಕೊಂಡು ಬಂದಾರ. ಎಷ್ಟ ಗಳಸ್ಯ ಕಂಠಸ್ಯ ಇದ್ದಿದ್ದಾರು! ನಾ ಅಂದಿರಲಿಲ್ಲೇನು?"

ಲೋಹಿತ ಆ ಹೆಂಗಸಿನ ಕಂಕುಳಲ್ಲಿದ್ದ ಕಡತವನ್ನೇ ನೋಡಿದ.

*

ಓಣಿಯ ಸಮುದಾಯ ಭವನದ ಹಿಂಬದಿಯ ಕೋಣೆ ಒಂದು ಕಾಲಕ್ಕೆ ಅಭ್ಯಾಸ ಕೇಂದ್ರವಾಗಿತ್ತು. ಕೋಚಿಂಗ್ ಕೇಂದ್ರಗಳಿರುವ ಸಪ್ತಾಪುರದಲ್ಲಿ ತಿಂಗಳ ಬಾಡಿಗೆ ಕೊಟ್ಟು ಓದುವ ಕುರ್ಚಿ ಹಿಡಿಯುವ ಶಕ್ತಿ ಈ ಓಣಿಯ ಮಕ್ಕಳಿಗಿರಲಿಲ್ಲ. ಯುವಕ ಸಂಘ ಕಟ್ಟಿ, ಲೋಹಿತನನ್ನು ಅಧ್ಯಕ್ಷನನ್ನಾಗಿ ಮಾಡಿ, ಪಾಲಿಕೆಗೆ ಅರ್ಜಿ ಹಾಕಿದ್ದರು. ಯುವಜನರಿಗೆಂದು ಇಟ್ಟ ಅನುದಾನದಲ್ಲಿ ಇಪ್ಪತ್ತು ಕುರ್ಚಿ, ಆರು ಮೇಜು, ಎರಡು ಕಪಾಟು ಪುಸ್ತಕ ಬಂದವು. ಕೀಲಿ ಗಂಗಪ್ಪನ ಹತ್ತಿರ ಇತ್ತು. ಬೆಳಿಗ್ಗೆ ಆರಕ್ಕೆ ತೆರೆದು, ನೆಲ ಗುಡಿಸಿ, ಕೊಡಪಾನ ನೀರು ತುಂಬಿಡುತ್ತಿದ್ದ. ಯಾರೂ ಹೇಳಿದ್ದಲ್ಲ, ಅದಕ್ಕೆ ಯಾರೂ ಸಂಬಳ ಕೊಟ್ಟದ್ದೂ ಇಲ್ಲ.

ಎರಡನೇ ವರ್ಷ ಪಾಲಿಕೆಗೆ ಒಂದು ಮೂಗರ್ಜಿ ಹೋಯಿತು. ಹೆಸರಿಲ್ಲ, ಸಹಿಯಿಲ್ಲ. ಕೋಣೆಯಲ್ಲಿ ಹುಡುಗರು ಇಸ್ಪೀಟು ಆಡುತ್ತಾರೆ ಎಂದು ಬರೆದಿತ್ತು. ಒಂದು ಮುಂಜಾನೆ ಜೀಪು ಬಂತು. ಬಾಗಿಲಿಗೆ ಬೀಗ ಹಾಕಿ, ಬೀಗಕ್ಕೆ ಬಟ್ಟೆ ಸುತ್ತಿ ಅರಗು ಹಚ್ಚಿದರು. ಪಿಎಸ್ಐ ಪರೀಕ್ಷೆಗೆ ನಲವತ್ತು ದಿನ ಉಳಿದಿತ್ತು. ಆ ಸಲ ಓಣಿಯಿಂದ ಕೂತ ಏಳು ಜನರಲ್ಲಿ ಒಬ್ಬನೂ ಪಾಸಾಗಲಿಲ್ಲ. ದುರ್ಗೇಶನ ವಯಸ್ಸು ಮೀರಿತು. ಲೋಹಿತ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿಗೆ ಸೇರಿದ.

ಗಂಗಪ್ಪ ಅಂಚೆ ಡಬ್ಬಿಯ ಹತ್ತಿರ ನಿಂತದ್ದನ್ನು ಒಬ್ಬ ನೋಡಿದ್ದನಂತೆ. ಆಮೇಲೆ ಪ್ರತಿ ಸೋಮವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಲಯ ಕಚೇರಿಯ ಮೆಟ್ಟಿಲು ಹತ್ತುವುದನ್ನು ಹಲವರು ನೋಡಿದರು. ಇನ್ನೂ ಏನೋ ಚಾಡಿ ಹೇಳುತ್ತಿದ್ದಾನೆ ಎಂದುಕೊಂಡರು. ಹುಡುಗರು ಅವನೊಡನೆ ಮಾತು ಬಿಟ್ಟರು. ಅವನು ಕಟ್ಟೆಗೆ ಬಂದು ಕೂತರೆ ಎದ್ದು ಹೋಗುತ್ತಿದ್ದರು. ಗಂಗಪ್ಪ ಒಂದು ದಿನವೂ 'ನಾನಲ್ಲ' ಎನ್ನಲಿಲ್ಲ.

*

ಬಂದಾಕೆ ಹೆಣದ ಕಾಲ ಬಳಿ ಸ್ವಲ್ಪ ಹೊತ್ತು ನಿಂತು, ಗಂಗಪ್ಪನ ಹೆಂಡತಿ ಸಾವಕ್ಕನ ಎದುರು ನೆಲದ ಮೇಲೆ ಕೂತರು.

"ನಾ ಅಖ್ತರಬೇಗಂ ಅಂತ್ರಿ. ಪಾಲಿಕ್ಯಾಗ ಕ್ಲಾರ್ಕ್ ಅದೀನಿ. ಇವತ್ತ ಸೋಮಾರ, ಹನ್ನೊಂದಾದ್ರೂ ಬರಲಿಲ್ಲಲ್ಲ ಅಂತ ಫೋನ್ ಹಚ್ಚಿದ್ನಿ. ನಿಮ್ಮ ಮೊಮ್ಮಗಳು ಹೇಳಿದ್ಲು."

ಸಾವಕ್ಕ ಅವರ ಮುಖವನ್ನು ಅಳೆಯುವಂತೆ ನೋಡಿದಳು. "ಸೋಮಾರ ಬಂದ್ರ ಇಸ್ತ್ರಿ ಅಂಗಿ ಹಾಕ್ಕೊಂಡು ಹೊಂಡತಿದ್ದ. ಎಲ್ಲಿಗಿ ಅಂದ್ರ ಬಾಯಿ ಬಿಡತಿರಲಿಲ್ಲ. ಈ ವಯಸ್ಸಿನ್ಯಾಗ ಯಾವಾಕಿನ್ನ ಇಟ್ಟಾನೋ ಅಂತ ನಾ ಸಂಶೇ ಪಟ್ಟೀನ್ರಿ. ನಿಮ್ಮ ಕಡೇನ ಬರತಿದ್ದ ಏನು?"

ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಖ್ತರಬೇಗಂ ಬೇಸರಪಟ್ಟುಕೊಳ್ಳಲಿಲ್ಲ.

"ನನ್ನ ಟೇಬಲ್ಲಿಗೇ ಬರತಿದ್ರು ಅಜ್ಜೀ. ಆ ಓದೋ ಕೋಲಿ ಬೀಗಾ ತಗಸಾಕ. ಮೂರು ವರ್ಷ ಆತು, ಒಂದು ಸೋಮಾರ ತಪ್ಪಿಸಿಲ್ಲ."

ಹೊಸ್ತಿಲಲ್ಲಿ ಕೂತಿದ್ದ ಮೊಮ್ಮಗಳು ಕರುಣಾ ತಲೆಯೆತ್ತಿದಳು. ಅಖ್ತರಬೇಗಂ ಅವಳತ್ತ ತಿರುಗಿದರು.

"ಅಲ್ಲವ್ವಾ, ನಿಮ್ಮ ಸಂಘದ ಅಧ್ಯಕ್ಷ, ಲೋಹಿತ ಅನ್ನಾಂವ, ಊರಿಗಿ ಬಂದಾನೇನು? ಮಣ್ಣಿಗಿ ಬಂದೇ ಬಂದಿರ್ತಾನ ಅಂತ ಫೈಲ್ ಇಲ್ಲಿಗೇ ತಂದೀನಿ."

"ಊರಿಗಿ? ಯಾವೂರಿಂದ?"

"ನಿಮ್ಮಜ್ಜ ಹೇಳತಿದ್ರಲ್ಲ. ಎಂಟು ತಿಂಗಳಾತು, ಅವನ ಸಹಿ ಒಂದು ಬೇಕಾಗೇತಿ. ಕೇಳಿದಾಗೊಮ್ಮೆ 'ಅಂವಾ ಊರಾಗಿಲ್ರಿ, ಮುಂದಿನ ವಾರ ಬರ್ತಾನ್ರಿ' ಅಂತಿದ್ರು."

ಕರುಣಾ ಅಂಗಳದ ಕಡೆ ಕೈ ತೋರಿಸಿದಳು. ಅಲ್ಲಿ ಲೋಹಿತ ಚಟ್ಟದ ಬಳಿ ಹಗ್ಗದ ತುದಿ ಹಿಡಿದು ನಿಂತಿದ್ದ. ಅವನ ಮನೆ ಗಂಗಪ್ಪನ ಮನೆಯಿಂದ ನಾಲ್ಕನೆಯದು. ಮೂರು ವರ್ಷದಲ್ಲಿ ಅವನು ಎರಡು ರಾತ್ರಿಯೂ ಊರು ಬಿಟ್ಟಿರಲಿಲ್ಲ.

ಅಖ್ತರಬೇಗಂ ಅವನನ್ನು ಗೋಡೆಯ ಪಕ್ಕಕ್ಕೆ ಕರೆದರು. ದುರ್ಗೇಶ ಕರೆಯದೆಯೇ ಹಿಂದೆ ಬಂದ.

"ಇದರಾಗ ಏನೈತ್ರಿ?" ಲೋಹಿತ ಕಡತ ಮುಟ್ಟದೆ ಕೇಳಿದ. "ಸಹಿ ಮಾಡಿಸ್ಕೊಂಡು ನಮ್ಮ ಮ್ಯಾಲೇನರ ಕೇಸ್ ಹಾಕವ್ರೇನು?"

"ಕೇಸ್ ಏನಿಲ್ಲಪಾ. ಕೋಲಿ ತಗದು, ಅನುದಾನ ಮತ್ತ ಚಾಲೂ ಮಾಡಾಕ ಸಂಘದ ಅರ್ಜಿ. ಎಲ್ಲಾ ಆಗೇತಿ. ಅಧ್ಯಕ್ಷರ ಸಹಿ ಅಷ್ಟ ಬಾಕಿ. ಈ ತಿಂಗಳು ದಾಟಿದ್ರ ಫೈಲ್ ಮುಚ್ಚತಾರ."

"ಮೂಗರ್ಜಿ ಬರದು ಸೀಲ್ ಮಾಡಿಸಿದಾಂವ, ತಗಸಾಕ ಯಾಕ ಅಡ್ಡಾಡತಾನ್ರಿ?" ಎಂದ ದುರ್ಗೇಶ. "ನಂಬಾಕಾಗಂಗಿಲ್ಲ."

ಅಖ್ತರಬೇಗಂ ಒಮ್ಮೆ ಒಳಗಿನ ಹೆಣದ ಕಡೆ ನೋಡಿದರು. "ಅವರು ಇರೋತನಕ ಯಾರಿಗೂ ತೋರಸಬ್ಯಾಡ ಅಂದಿದ್ರು," ಎಂದು ಕಡತದ ನಡುವಿನಿಂದ ಒಂದು ಹಾಳೆ ತೆಗೆದು ಲೋಹಿತನ ಕೈಗಿಟ್ಟರು.

ನಾಲ್ಕನೇ ಇಯತ್ತೆಯವರೆಗೆ ಓದಿದವನ ದಪ್ಪ ಅಕ್ಷರ. ಕಚೇರಿಯಲ್ಲಿ ಕೇಳಿ ಕಲಿತ ಭಾಷೆ.

'ಮಾನ್ಯರೇ, ಅಭ್ಯಾಸ ಕೇಂದ್ರದಲ್ಲಿ ಇಸ್ಪೀಟು ಆಡುತ್ತಾರೆ ಎಂದು ಹೆಸರು ಹಾಕದೆ ಅರ್ಜಿ ಬರೆದವನು ನಾನೇ ಇರುತ್ತೇನೆ. ಅದು ಸುಳ್ಳು ಇರುತ್ತದೆ. ಸಿಟ್ಟಿನಲ್ಲಿ ಬರೆದೆನು. ಸಿಟ್ಟಿಗೆ ಯಾರೂ ಕಾರಣರಲ್ಲ. ಹುಡುಗರು ಒಳ್ಳೆಯವರು. ಕೋಣೆ ತೆರೆಸಿ ಕೊಡಬೇಕು. ಶಿಕ್ಷೆ ಇದ್ದಲ್ಲಿ ನನಗೆ ಕೊಡಬೇಕು.'

ಕೆಳಗೆ ಪೂರ್ತಿ ಹೆಸರು, ಮನೆ ನಂಬರು.

"ಯಾರಾರ ಸಾಹೇಬ್ರು ಬಂದು ಎರಡು ಮಾತು ಬೈದು ಹೋಗ್ತಾರ ಅಂದ್ಕೊಂಡಿದ್ರಂತ," ಅಖ್ತರಬೇಗಂ ಹೇಳಿದರು. "ಬೀಗಾ ಜಡೀತಾರ ಅಂತ ತಿಳಿದಿರಲಿಲ್ಲ. ನನ್ನ ಮುಂದ ಕುಂತು ಅತ್ತಾರ."

ದುರ್ಗೇಶ ಹಾಳೆ ಕಸಿದುಕೊಂಡು ಓದಿದ. "ಕೊನೀಗೂ ಅವನ! ನಾ ಹೇಳಿದ್ದು ಖರೇ ಆತು." ಹೇಳಿದವನಿಗೆ ಗೆದ್ದ ಕಳೆಯಿರಲಿಲ್ಲ. ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಓದಿದ. "ಆದ್ರ ಸಿಟ್ಟು ಯಾಕಪಾ? ನಾವೇನ್ ಮಾಡಿದ್ವಿ ಮುದುಕಗ?"

*

ಬೀಗ ಬೀಳುವ ಮೊದಲು, ಆವತ್ತು ಸಂಜೆ ಐದಾಗಿತ್ತು. ಹುಡುಗಿಯರು ಐದಕ್ಕೆ ಎದ್ದು ಹೋಗಬೇಕು ಎಂದು ಲೋಹಿತನೇ ನಿಯಮ ಮಾಡಿದ್ದ. ಅವರಿದ್ದರೆ ಹುಡುಗರ ಲಕ್ಷ್ಯ ಓದಿನ ಮೇಲೆ ನಿಲ್ಲುವುದಿಲ್ಲ ಎಂಬುದು ಅವನ ವಾದ. ಪಿಯುಸಿ ಎರಡನೇ ವರ್ಷದ ಕರುಣಾ ಲೆಕ್ಕದ ನಡುವೆ ಪುಸ್ತಕ ಮುಚ್ಚಿ ಎದ್ದಳು.

ಬಾಗಿಲಲ್ಲಿ ನಿಂತಿದ್ದ ಗಂಗಪ್ಪ ಒಳಗೆ ಬಂದ. "ತಮ್ಮಾ, ಆಕಿದು ಪರೀಕ್ಷಾ ಸನೇಕ ಬಂದೈತಿ. ಮನ್ಯಾಗ ಜಾಗಾ ಇಲ್ಲ. ಎಲ್ಲಾರಿಗೂ ಅಂತಲ್ಲೇನು ಪಾಲಿಕ್ಯಾಗ ಬರಕೊಟ್ಟಿದ್ದು? ಕೂಡ್ಲಿ ಬಿಡು."

ಹದಿನೈದು ಜನ ಪುಸ್ತಕದಿಂದ ತಲೆ ಎತ್ತಿದ್ದರು. ಅವರೆದುರು ಸೋಲುವುದು ಲೋಹಿತನಿಗೆ ಬೇಕಿರಲಿಲ್ಲ. ಗಂಗಪ್ಪನ ಹತ್ತಿರ ಬಂದು, ಅವನಿಗಷ್ಟೇ ಕೇಳುವ ದನಿಯಲ್ಲಿ ಹೇಳಿದ.

"ಕಾಕಾ, ಬಾಗಲಾ ತಗಿ, ಕಸಾ ಹೊಡಿ, ಬಾಗಲಾ ಹಾಕು. ಓದೋ ಮಾತು ಓದಿದವ್ರಿಗಿ ಬಿಡು."

ಬೇರೆ ಓಣಿಯವರು ಅಂದಿದ್ದರೆ ಗಂಗಪ್ಪ ಜಗಳಕ್ಕೆ ನಿಲ್ಲುತ್ತಿದ್ದನೋ ಏನೋ. ಈಗ ಮೊಮ್ಮಗಳ ಚೀಲ ಎತ್ತಿಕೊಂಡು ಹೊರಗೆ ಹೋದ. ಮರುದಿನ ಬೆಳಿಗ್ಗೆ ಆರಕ್ಕೆ ಕೋಣೆ ಎಂದಿನಂತೆ ತೆರೆದಿತ್ತು, ನೆಲ ಗುಡಿಸಿಯಾಗಿತ್ತು.

ಹತ್ತು ದಿನಕ್ಕೆ ಜೀಪು ಬಂದಾಗ, ಇದು ಯಾರ ಕೆಲಸ ಎಂದು ಎಲ್ಲರಿಗಿಂತ ಮೊದಲು ಹೊಳೆದದ್ದು ಲೋಹಿತನಿಗೆ. ಗಂಗಪ್ಪನ ಹೆಸರು ಮೊದಲು ಬಾಯಿಬಿಟ್ಟು ಹೇಳಿದವನೂ ಅವನೇ. ಯಾಕೆ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

*

"ಅಜ್ಜನ ಬರದಿದ್ನೇನು?"

ಕರುಣಾ ಯಾವಾಗ ಬಂದು ನಿಂತಳೋ. ದುರ್ಗೇಶ ಹಾಳೆ ಅವಳಿಗೆ ಕೊಟ್ಟ. ಅವಳು ಅದನ್ನು ಕೊನೆಯವರೆಗೆ ಓದಿದಳು.

"ಯಾರೂ ಕಾರಣ ಅಲ್ಲ ಅಂತ ಬರದಾನ," ಎಂದಳು.

"ಸುಳ್ಳು," ಎಂದ ಲೋಹಿತ. "ನಾ ಕಾರಣ."

"ಏನ್ ಮಾತಲೇ ಇದು?" ದುರ್ಗೇಶ ಅವನ ತೋಳು ಹಿಡಿದ.

ಲೋಹಿತ ಹೇಳಿದ. ಆವತ್ತು ಅಂದ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಅಖ್ತರಬೇಗಂ ಮುಖ ಬೇರೆ ಕಡೆ ತಿರುಗಿಸಿದರು. ದುರ್ಗೇಶನ ಅಪ್ಪ ಇವತ್ತಿಗೂ ಬೆಳಗಿನ ಪಾಳಿಯಲ್ಲಿ ಬೀದಿ ಗುಡಿಸುತ್ತಿದ್ದ. ಅವನು ಲೋಹಿತನ ತೋಳು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ನಂಗ ಗೊತ್ತೈತಿ," ಎಂದಳು ಕರುಣಾ. "ಚೀಲದಾಗ ಪುಸ್ತಕಾ ತುಂಬಾಕತ್ತಿದ್ನಿ. ಕೇಳಿಸ್ತು. ಅಜ್ಜ ಬರದದ್ದು ಗೊತ್ತಿರಲಿಲ್ಲ. ಆದ್ರ ಓಣಿ ಮಂದಿ ಎಲ್ಲಾ ಅಜ್ಜಗ ಅಂದಾಗ, ನೀ ಆಡಿದ ಮಾತು ಹೇಳ್ತೀಯೇನೋ ಅಂತ ನೋಡಿದ್ನಿ, ಲೋಹಿತಣ್ಣಾ. ಮೂರು ವರ್ಷ ನೋಡಿದ್ನಿ."

"ಕರುಣಾ..."

"ಈಗ ಹೇಳಿದಿ. ಅಂವಾ ಕೇಳಂಗಿಲ್ಲ." ಹಾಳೆಯನ್ನು ಮಡಚಿ ಅಖ್ತರಬೇಗಂ ಅವರಿಗೆ ಮರಳಿಸಿದಳು. "ಮ್ಯಾಡಮ್ಮರ, ಸಹಿ ಎಲ್ಲಿ ಮಾಡಬೇಕು ತೋರಸ್ರಿ ಇವಗ. ಅಲ್ಲೇ ಕೆಳಗ ಇದನ್ನೂ ಬರೀಬೇಕು. ಹುಡುಗರಿಗಿ ಎಷ್ಟೊತ್ತಿನತನಕ ತಗದಿರತೈತಿ, ಹುಡಿಗ್ಯಾರಿಗೂ ಅಷ್ಟೊತ್ತಿನತನಕ."

ಲೋಹಿತ ಕಡತವನ್ನು ಗೋಡೆಗೆ ಒತ್ತಿ ಹಿಡಿದು ಅವಳು ಹೇಳಿದಂತೆ ಬರೆದ. ಗೋಡೆಯ ಒರಟಿಗೆ ಸಹಿ ಸೊಟ್ಟಗಾಯಿತು. ಅಖ್ತರಬೇಗಂ ಅದನ್ನು ಹಳೆಯ ಸಹಿಯೊಂದಿಗೆ ತಾಳೆ ನೋಡಿ, "ನಡಿತೈತಿ," ಎಂದರು.

*

ಸ್ಮಶಾನ ಕೈಗಾರಿಕಾ ಪ್ರದೇಶದ ಗೋಡೆಗೆ ಹತ್ತಿತ್ತು. ಗೋಡೆಯಾಚೆ ಯಂತ್ರಗಳ ಸದ್ದು ನಿಂತಿರಲಿಲ್ಲ. ದುರ್ಗೇಶ ದಾರಿಯುದ್ದಕ್ಕೂ ಚಟ್ಟದ ಮುಂದಿನ ಎಡಗಡೆ ಹೊತ್ತಿದ್ದ, ಲೋಹಿತನ ಜೊತೆ ಮಾತಾಡಿರಲಿಲ್ಲ. ಟಾಕಿಯ ಕೆಳಗಿನ ಹುಡುಗರಿಗೆ ಅವನು ಏನು ಹೇಳಿದನೋ, ಎಲ್ಲರೂ ಹಿಂದೆ ಬಂದಿದ್ದರು. ಈಗ ಅವರ ಕಣ್ಣುಗಳು ಲೋಹಿತನ ಮೇಲಿದ್ದವು. ಮೂರು ವರ್ಷ ಗಂಗಪ್ಪನನ್ನು ನೋಡುತ್ತಿದ್ದ ಕಣ್ಣುಗಳು ಅವೇ.

ಕೆಮ್ಮಣ್ಣಿನ ಕುಣಿ ಕೊರಳಮಟ್ಟ ಆಳವಿತ್ತು. ಶಶಿಕುಮಾರ ಮೊದಲು ಇಳಿದು ಕಾಲ ಕಡೆಗೆ ನಿಂತ. "ತಲೀ ಕಡೆ ಹಿಡಿಯಾಕ ಇನ್ನೊಬ್ರು ಇಳೀರಿ," ಎಂದು ಕರೆದ.

ಯಾರೂ ಅಲುಗಲಿಲ್ಲ. ಸುಳ್ಳ ಗ್ರಾಮದಿಂದ ಬಂದಿದ್ದ ಗಂಗಪ್ಪನ ತಂಗಿ, "ಯಾರರ ಬರ್ರೆಪ್ಪಾ," ಎಂದಳು.

ಲೋಹಿತ ಚಪ್ಪಲಿ ಬಿಟ್ಟು ಕರುಣಾಳ ಕಡೆ ನೋಡಿದ. ಅವಳು ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವನು ಅಂಚಿಗೆ ಕೈಯೂರಿ ಇಳಿದ. ಸಡಿಲ ಮಣ್ಣು ಅವನ ಕೊರಳಿನೊಳಗೆ ಉದುರಿತು. ಮೇಲೆ ನಿಂತವರ ಪಾದಗಳು ಈಗ ಅವನ ಮುಖದ ಮಟ್ಟದಲ್ಲಿದ್ದವು. ಬಿಳಿ ಬಟ್ಟೆಯ ಗಂಟನ್ನು ಅವರು ನಿಧಾನವಾಗಿ ಕೆಳಗೆ ಬಿಡತೊಡಗಿದರು. ಲೋಹಿತ ಎರಡೂ ಕೈ ಮೇಲೆತ್ತಿ, ಅಂಗೈ ಅಗಲ ಮಾಡಿ, ಭಾರ ಬಂದು ತಾಗುವುದನ್ನೇ ಕಾಯುತ್ತ ನಿಂತ.