ಬಾತಿಯಲ್ಲಿ ಇಳಿದ ಇಬ್ಬರು

ಹರಿಹರದ ಬೆಲ್ಲದ ವ್ಯಾಪಾರಿ ಹಾಲೇಶಪ್ಪನವರಿಗೆ ಅರವತ್ತು ದಾಟಿದರೂ ಯಾರೊಬ್ಬರೂ ಎದುರಿಗೆ ನಿಂತು ಬೈದದ್ದಿಲ್ಲ. ಹಾಗಿರುವಾಗ ದಾವಣಗೆರೆ ಬಸ್ಸಿನಲ್ಲಿ ಪಕ್ಕ ಕೂತ ಹುಡುಗ ಕತ್ತು ಕೊಂಕಿಸಿ, ಅವರ ಮುಖಕ್ಕೇ "ಕತ್ತೆ" ಅಂದುಬಿಟ್ಟ. ಕ್ಷಮಿಸಿ ಎಂದವನು ಮರುಗಳಿಗೆಯೇ ಮತ್ತೆ ಅಂದ.

ಹಾಲೇಶಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಹುಡುಗ ಏನೋ ಕಾಯಿಲೆ ಎಂದು ಹೇಳಲು ಹೋದರೆ ಕೇಳುವವರು ಯಾರು? ಒಬ್ಬರು ಕುಡಿದಿದ್ದಾನೆ ಎಂದರು, ಇನ್ನೊಬ್ಬರು ಮೊಬೈಲ್ ಎತ್ತಿ ಹಿಡಿದರು. ಗಲಾಟೆ ತಾಳಲಾರದೆ ಕಂಡಕ್ಟರ್ ನಡುದಾರಿಯ ಬಾತಿ ಎಂಬ ಊರಿನಲ್ಲಿ ಹುಡುಗನನ್ನು ಇಳಿಸಿದ. ನಾಲ್ಕು ಮಾತು ಹೇಳದೆ ಬಿಡಬಾರದೆಂದು ಹಾಲೇಶಪ್ಪನವರೂ ಹಿಂದೆಯೇ ಇಳಿದರು. ಬಸ್ಸು ಹೊರಟೇ ಹೋಯಿತು.

ಅವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹುಡುಗ ಎದುರಿನ ಕರೆಂಟ್ ಕಂಬಕ್ಕೂ "ಕತ್ತೆ" ಅಂದ. ಹಾಲೇಶಪ್ಪನವರ ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿತು.

"ಏನಪ್ಪ ಇದು?"

ಹುಡುಗನ ಹೆಸರು ಸಂತೋಷ. ದಾವಣಗೆರೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಟುರೆಟ್ ಎಂಬ ನರದ ಕಾಯಿಲೆ ಚಿಕ್ಕಂದಿನಿಂದ ಇದೆ ಎಂದ. "ಬಿಕ್ಕಳಿಕೆ ಬಂದಂಗೆ ಬರ್ತೈತ್ರಿ. ತಡೆದಷ್ಟೂ ಜಾಸ್ತಿ. ಎಲ್ಲಿ ಅನ್ನಬಾರ್ದೋ ಅಲ್ಲೇ ಬಾಯಿಗೆ ಬರ್ತೈತೆ."

ಬಸ್ಸಿನಲ್ಲಿ ತಾವು ಎತ್ತಿದ ದನಿ ನೆನೆದು ಹಾಲೇಶಪ್ಪನವರಿಗೆ ಮುಜುಗರವಾಯಿತು.

ಮುಂದಿನ ಬಸ್ಸಿನಲ್ಲಿ ಇಬ್ಬರೂ ನಿಂತೇ ಹೊರಟರು. ಜನ ಒತ್ತಿದಷ್ಟೂ ಸಂತೋಷನ ಕತ್ತು ಕೊಂಕತೊಡಗಿತು. ಆ ಮಾತು ಮುಂದೆ ನಿಂತ ಕಟ್ಟುಮಸ್ತಾದ ಆಳಿನ ಕಿವಿಗೇ ಬಿತ್ತು. ಆತ ಕಾಲರಿಗೆ ಕೈ ಹಾಕಿದ. ಹಾಲೇಶಪ್ಪನವರು ನಡುವೆ ನುಗ್ಗಿದರು.

"ಬಿಡ್ರಿ. ಬೇಕಂತ ಅಂದಿದ್ದಲ್ಲ, ಅದೊಂದು ಕಾಯಿಲೆ. ನನಗೂ ಅಂದಾನೆ."

"ನಿಮಗೇನಂದ?"

ಹಾಲೇಶಪ್ಪನವರು ಸುತ್ತ ಕಣ್ಣು ಹಾಯಿಸಿದರು. ಬಸ್ಸಿನ ತುಂಬ ಪರಿಚಯದವರೇ.

"ಕತ್ತೆ ಅಂದ."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ನಗು ಬಸ್ಸೆಲ್ಲ ಹರಡಿತು. ಆ ಆಳೂ ಮೀಸೆಯಲ್ಲೇ ನಕ್ಕು ಕಾಲರ್ ಬಿಟ್ಟ. ಹಾಲೇಶಪ್ಪನವರ ಕಿವಿ ಕೆಂಪಾಗಿತ್ತು, ಆದರೆ ಅವರೂ ನಗುತ್ತಿದ್ದರು.

ದಾವಣಗೆರೆಯಲ್ಲಿ ಇಳಿದ ಮೇಲೆ ದೋಸೆ ತಿನ್ನೋಣ ಎಂದರು. ಸಂತೋಷ ಹಿಂಜರಿದ. ತಾನು ಹೋಟೆಲಿನೊಳಗೆ ಕೂರುವುದೇ ಇಲ್ಲ, ಪಾರ್ಸೆಲ್ ಕಟ್ಟಿಸಿಕೊಂಡು ಅಂಗಡಿಯ ಹಿಂದೆ ತಿನ್ನುತ್ತೇನೆ ಎಂದ.

"ಇವತ್ತು ಒಳಗೇ ಕೂಡು ಬಾ."

ಕೂತರು. ದೋಸೆ ಬರುವಷ್ಟರಲ್ಲಿ ಆ ಮಾತು ಎರಡು ಸಲ ಬಂತು. ಪಕ್ಕದ ಮೇಜಿನ ಒಬ್ಬರು ತಟ್ಟೆ ಎತ್ತಿಕೊಂಡು ದೂರ ಹೋದರು. ಸಂತೋಷ ಏಳಲು ನೋಡಿದ. ಹಾಲೇಶಪ್ಪನವರು ಅವನ ತಟ್ಟೆಗೆ ಇನ್ನಷ್ಟು ಚಟ್ನಿ ಹಾಕಿಸಿ, ಬಿಸಿ ಆರುವುದರೊಳಗೆ ತಿನ್ನು ಎಂದು ತಮ್ಮ ದೋಸೆ ಮುರಿದರು.